ಹೊಗೆ ಅಲಾರಂ ಮತ್ತು ಮೂರನೇ ಕೀಲಿಕೈ

ಎಲೆಕ್ಟ್ರಾನಿಕ್ ಸಿಟಿ, ಬೆಂಗಳೂರು
4 ಸೆಪ್ಟೆಂಬರ್ 2011, ಭಾನುವಾರ

ಅಪ್ಪಾಜಿ,

ಏಳು ವರ್ಷ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಪತ್ರ ಬರೆಸಿದ್ದಾರೆ. ಈಗ ಯಾರೂ ಬರೆಸದಿದ್ದರೂ ಕೈ ಸುಮ್ಮನೆ ಕೂರುವುದಿಲ್ಲ. ಫೋನ್ ಇದೆಯಲ್ಲ ಅನ್ನಬೇಡಿ. ಫೋನ್ ಇರುವುದು ಹಾಲ್‌ನಲ್ಲಿ, ಟಿವಿ ಪಕ್ಕ. ನಾನು "ಹೂಂ, ಊಟ ಆಯ್ತು" ಅನ್ನುವುದನ್ನು ಮೂರು ಜನ ಕೇಳುತ್ತಿರುತ್ತಾರೆ.

ಕಾಲೇಜು ಚೆನ್ನಾಗಿದೆ. ಚೆನ್ನಾಗಿದೆ ಅಂದರೆ, ಮ್ಯಾಥ್ಸ್ ಅರ್ಥವಾಗುತ್ತಿಲ್ಲ, ಉಳಿದದ್ದು ಚೆನ್ನಾಗಿದೆ. ಬೊಮ್ಮಸಂದ್ರದ ಔಷಧಿ ಫ್ಯಾಕ್ಟರಿಗಳ ಕಡೆಯಿಂದ ಗಾಳಿ ಬೀಸಿದರೆ ಇಡೀ ಕ್ಲಾಸಿಗೆ ಮಾತ್ರೆ ವಾಸನೆ. ನಾಲ್ಕಕ್ಕೆ ಬಸ್ಸು ಅಪಾರ್ಟ್‌ಮೆಂಟ್ ಗೇಟಿಗೇ ತಂದು ಬಿಡುತ್ತದೆ.

ಕಾಕಾ ನನಗೊಂದು ಜವಾಬ್ದಾರಿ ಕೊಟ್ಟಿದ್ದಾರೆ. ಆಫೀಸ್ ಕೆಲಸಕ್ಕೆ ಮೂರು ತಿಂಗಳು ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿಂದ ಎರಡು ಹೊಗೆ ಅಲಾರಂ ತಂದಿದ್ದರಂತೆ. ಬಿಳಿ ಬಣ್ಣದ್ದು, ಸಣ್ಣ ತಟ್ಟೆಯಷ್ಟು ದೊಡ್ಡದು, ಸೀಲಿಂಗಿಗೆ ಸ್ಕ್ರೂ ಮಾಡಿದ್ದಾರೆ. ಒಂದು ಹಾಲ್‌ನಲ್ಲಿ ಬಾಗಿಲ ಹತ್ತಿರ, ಇನ್ನೊಂದು ಅಡುಗೆಮನೆಯ ಮುಂದಿನ ಪ್ಯಾಸೇಜಿನಲ್ಲಿ. ಹೊಗೆ ತಾಗಿದರೆ ಕಿವಿ ಹರಿಯುವಂತೆ ಕೂಗುತ್ತದೆ. ಕಾಕು ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಕೂಗುತ್ತದೆ, ಆಯಿ ಲಿಂಗಪೂಜೆಗೆ ಲೋಬಾನ ಹಾಕಿದರೂ ಕೂಗುತ್ತದೆ. "ನಿಮ್ಮ ತಮ್ಮ ಮನಿಯಾಗ ಇನ್ನೊಂದು ಅತ್ತಿ ತಂದಿಟ್ಟಾನ ನೋಡ್ರಿ" ಅಂತ ನಿಮಗೆ ಹೇಳಲು ಹೇಳಿದರು ಕಾಕು. ನಿಜವಾದ ಅತ್ತೆ, ಅಂದರೆ ನಿಮ್ಮ ತಾಯಿ, ಪಕ್ಕದಲ್ಲೇ ಕೂತಿದ್ದರು. ಆಯಿಯೇ ಮೊದಲು ನಕ್ಕರು.

ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿದೆ, ಹದಿನಾರು ಪುಟ. ಯಾರೂ ಓದಿಲ್ಲವಂತೆ. ಇನ್ನು ಮೇಲೆ ಇವೆರಡರ ಮೆಂಟೆನೆನ್ಸ್ ನನ್ನದು. ಏನೇನು ಮಾಡಬೇಕು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇಲ್ಲಿ ತುಂಬಾ ಸೇಫ್. ಬಾಗಿಲಿಗೆ ಹೊರಗಡೆ ಒಂದು ಗ್ರಿಲ್ ಗೇಟ್ ಕೂಡ ಇದೆ.

ಮೇಘಾ

•

ಗಣಿ ಕಾಲೋನಿ, ರಾಯಚೂರು ಜಿಲ್ಲೆ
12-9-2011

ಮೇಘಾ,

ಮೊದಲ ಪಾಳಿ ಮುಗಿಸಿ ಲ್ಯಾಂಪ್ ರೂಮಿನಲ್ಲೇ ಕೂತು ಬರೆಯುತ್ತಿದ್ದೇನೆ. ಗಣಿಗೆ ಇಳಿದವರ ತಲೆದೀಪಗಳೆಲ್ಲ ಮರಳಿ ಬಂದು ಚಾರ್ಜಿಗೆ ಕೂತಿವೆ.

ನಿನ್ನ ಪತ್ರ ಓದಿ ಸಂತೋಷವಾಯಿತು. ಹೇಳುವುದನ್ನು ಗಮನವಿಟ್ಟು ಓದು. ಯಾವ ಯಂತ್ರವೇ ಇರಲಿ, ಬ್ಯಾಟರಿಯೇ ಅದರ ಜೀವ. ಪ್ರತಿ ತಿಂಗಳ ಮೊದಲ ಭಾನುವಾರ ಟೆಸ್ಟ್ ಗುಂಡಿ ಒತ್ತಿ ನೋಡು. ದನಿ ಕ್ಷೀಣವಾಗಿದ್ದರೆ ಮರುದಿನದವರೆಗೆ ಕಾಯಬೇಡ. ನಡುನಡುವೆ ಒಂದೊಂದೇ ಸಲ "ಚಿಕ್" ಎಂದರೆ ಬ್ಯಾಟರಿ ಮುಗಿಯುತ್ತಿದೆ ಎಂದರ್ಥ. ಧೂಳನ್ನು ಒಣ ಕುಂಚದಿಂದ ತೆಗೆ, ನೀರು ತಾಗಿಸಬೇಡ. ಗಡಿಯಾರಕ್ಕೆ ಬೇಕು, ಆಟಿಕೆಗೆ ಬೇಕು ಎಂದು ಯಾರಾದರೂ ಬ್ಯಾಟರಿ ಕಿತ್ತುಕೊಂಡರೆ ಜಗಳವಾಡಿಯಾದರೂ ಮರಳಿ ಹಾಕು. ಟೆಸ್ಟ್ ಮಾಡಿದ ದಿನಾಂಕ ಬರೆದಿಡು, ನನಗೂ ತಿಳಿಸು.

ಮನೆಯಲ್ಲಿ ಕಾಕಾ ಕಾಕು ಹೇಳಿದಂತೆ ಇರು. ಹಾಸ್ಟೆಲ್ ಬೇರೆ, ಮನೆ ಬೇರೆ. ನಿಮ್ಮ ಅವ್ವ ಹೋದ ಮೇಲೆ ನಿನಗೆ ಮನೆ ಅಂತ ಇರಲಿಲ್ಲ. ಈಗ ಇದೆ.

ಶೇಖರಪ್ಪ

•

25 ಸೆಪ್ಟೆಂಬರ್ 2011

ಅಪ್ಪಾಜಿ,

ಮೊದಲ ಭಾನುವಾರದವರೆಗೆ ಕಾಯಲು ಆಗಲಿಲ್ಲ, ನಿನ್ನೆ ಸಂಜೆ ಟೆಸ್ಟ್ ಮಾಡಿದೆ. ಕಾಕು ಐದಕ್ಕೆ ಅಕ್ಕನ ಬಳಗಕ್ಕೆ ವಚನ ಹಾಡಲು ಹೋಗುತ್ತಾರೆ, ಬರುವುದು ಏಳೂವರೆಗೆ. ಸ್ಟೂಲ್ ಹತ್ತಿ ಗುಂಡಿ ಒತ್ತಿದೆ. ಎರಡೂ ಸರಿಯಾಗಿವೆ. ಎಷ್ಟು ಜೋರು ಅಂದರೆ ಆಯಿ ಎರಡೂ ಕಿವಿ ಮುಚ್ಚಿ "ನಿಲ್ಲಸವ್ವ, ಶಿವನ ಪಾದ ಸೇರೂ ಮುಂಚೇನ ಕಿವಿ ಹೊಂಟ್ವು" ಅಂದರು.

ಒಂದು ವಿಷಯ ಗಮನಿಸಿದೆ. ಅಷ್ಟು ಕೂಗಿದರೂ ಯಾರೂ ಬರಲಿಲ್ಲ. ಎದುರು ಮನೆಯವರ ಟಿವಿ ಸದ್ದು ಮಾತ್ರ ಸ್ವಲ್ಪ ಜಾಸ್ತಿಯಾಯಿತು. ಯಾರಾದರೂ ಬಂದಿದ್ದರೂ ನಾನು ಬಾಗಿಲು ತೆಗೆದು "ಟೆಸ್ಟ್ ಅಷ್ಟೇ ಆಂಟಿ" ಅನ್ನಬಹುದಿತ್ತು, ಗ್ರಿಲ್ ತೆಗೆಯಲು ಆಗುತ್ತಿರಲಿಲ್ಲ. ಕಾಕು ಹೊರಗೆ ಹೋಗುವಾಗ ಗ್ರಿಲ್‌ಗೆ ಹೊರಗಿನಿಂದ ಬೀಗ ಹಾಕುತ್ತಾರೆ. ಆಯಿಗೆ ಮರೆವು, ಬಾಗಿಲು ತೆಗೆದು ಮೆಟ್ಟಿಲು ಇಳಿದುಬಿಟ್ಟಾರು ಅಂತ. ಪಾಪ, ಆಯಿ. ಅವರ ಬೀಗದಲ್ಲಿ ನಾನೂ ಸಿಕ್ಕಿಕೊಳ್ಳುತ್ತೇನೆ, ಅಷ್ಟೆ.

ನನಗೊಂದು ಕೀಲಿಕೈ ಕೊಡಿ ಅಂತ ಕೇಳಿದೆ. ಕಾಕು ಅಂದರು: "ಎರಡು ಕೀಲಿಕೈ ಅದಾವು. ಒಂದು ನಿಮ್ಮ ಕಾಕಾನ ಕಡೆ, ಒಂದು ನನ್ನ ಕಡೆ. ಮೂರನೇದ್ಯಾಕ ಬೇಕ ನಿನಗ? ಎಲ್ಲಿಗರೇ ಹೋಗಾಕಿದೀಯೇನು?" ಜೋರು ಮಾಡಲಿಲ್ಲ, ನಗುತ್ತಲೇ ಕೇಳಿದರು. ಆದರೆ ಉತ್ತರ ಬರುವವರೆಗೆ ನನ್ನ ಮುಖ ನೋಡುತ್ತಲೇ ನಿಂತಿದ್ದರು.

ಮೊನ್ನೆ ಲ್ಯಾಬ್ ಇರಲಿಲ್ಲ, ಎರಡಕ್ಕೇ ಬಂದೆ. ಕಾಕು ತರಕಾರಿಗೆ ಹೋಗಿದ್ದರು. ಗ್ರಿಲ್‌ಗೆ ಬರೀ ಚಿಲಕ ಹಾಕಿತ್ತು. ಮರೆತಿರಬೇಕು. ಆಯಿ ಒಳಗೆ ನಿದ್ದೆ ಮಾಡುತ್ತಿದ್ದರು.

ನೀವು ಕಾಕಾಗೆ ಒಂದು ಮಾತು ಹೇಳಿದರೆ ಕೀಲಿಕೈ ಮಾಡಿಸಿ ಕೊಡುತ್ತಾರೆ. ಅಣ್ಣನ ಮಾತು ತೆಗೆದುಹಾಕುವುದಿಲ್ಲ ಅವರು. ನನಗೆ ಸಂಜೆ ಐದು ಗಂಟೆ ಆಗುತ್ತಲೇ ಗಡಿಯಾರ ನೋಡುವುದೇ ಕೆಲಸ. ಓದಲು ಕೂತರೆ ಬೀಗ ಹಾಕಿದ ಸದ್ದೇ ಕಿವಿಯಲ್ಲಿ. ದೊಡ್ಡ ವಿಷಯ ಅಲ್ಲ. ಸುಮ್ಮನೆ ಬರೆದೆ.

ಮೇಘಾ

•

3-10-2011

ಮೇಘಾ,

ಟೆಸ್ಟ್ ಮಾಡಿದ್ದು ಒಳ್ಳೆಯದಾಯಿತು. ಇದರ ಜೊತೆ ಎರಡು ಚೌಕದ ಬ್ಯಾಟರಿ ಕಳಿಸುತ್ತಿದ್ದೇನೆ, ಒಂಬತ್ತು ವೋಲ್ಟಿನವು. ನಾನೇ ಮೀಟರ್ ಹಿಡಿದು ನೋಡಿದ್ದೇನೆ. ಮೂಲೆ ಅಂಗಡಿಯ ಹಳೆಯ ಸರಕು ತಂದು ಹಾಕಬೇಡ. ತಂಪಾದ ಜಾಗದಲ್ಲಿಡು, ಎರಡರ ತುದಿ ಒಂದಕ್ಕೊಂದು ತಾಗದಿರಲಿ.

ಬೆಂಗಳೂರಿನಲ್ಲಿ ಹಗಲಿನಲ್ಲೇ ಮನೆಗೆ ನುಗ್ಗುತ್ತಾರೆಂದು ಪೇಪರಿನಲ್ಲಿ ಓದುತ್ತಿರುತ್ತೇನೆ. ಕೀಲಿಕೈ ವಿಷಯ ದೊಡ್ಡವರು ನೋಡಿಕೊಳ್ಳುತ್ತಾರೆ. ನಿನ್ನ ಲಕ್ಷ್ಯ ಮ್ಯಾಥ್ಸ್ ಕಡೆ ಇರಲಿ.

ಶೇಖರಪ್ಪ

•

9 ಅಕ್ಟೋಬರ್ 2011

ಅಪ್ಪಾಜಿ,

ಬ್ಯಾಟರಿ ಸೇರಿದವು. ಪತ್ರ ಕಾಕು ಓದಿ ಆಮೇಲೆ ನನಗೆ ಕೊಟ್ಟರು. ಇನ್ನು ಮುಂದೆ ಕಾಲೇಜಿನ ವಿಳಾಸಕ್ಕೆ ಬರೆಯಿರಿ, ಈ ಹಾಳೆಯ ಹಿಂದೆ ಬರೆದಿದ್ದೇನೆ. ನಾನೂ ಅಲ್ಲೇ ಗೇಟಿನ ಅಂಚೆ ಡಬ್ಬಿಗೆ ಹಾಕುತ್ತೇನೆ.

ಆಯುಧಪೂಜೆಯ ಕಥೆ ಕೇಳಿ. ಮಿಕ್ಸಿ, ಲ್ಯಾಪ್‌ಟಾಪ್, ಕಾರು, ವಾಷಿಂಗ್ ಮಷೀನ್ ಎಲ್ಲಕ್ಕೂ ಪೂಜೆಯಾಯಿತು. ಆಗ ಆಯಿ ಮೇಲೆ ನೋಡಿ, "ಅದೂ ಯಂತ್ರನ ಅಲ್ಲೇನು? ವರ್ಷಾನಗಟ್ಲೆ ಮನಿ ಕಾಯ್ತದ" ಅಂದರು. ಕಾಕು ಸ್ಟೂಲ್ ಹತ್ತಿ ಅಲಾರಂಗಳಿಗೆ ಮೂರು ಬೆರಳಲ್ಲಿ ವಿಭೂತಿ ಬಳಿದರು, ಚೆಂಡು ಹೂವು ಟೇಪ್ ಹಚ್ಚಿ ಅಂಟಿಸಿದರು. ವಿಭೂತಿ ಕಡಿಮೆಯಾಯಿತು ಅಂತ ಇನ್ನೊಂದು ಸಲ. ಪುಡಿ ಆ ಸೀಳುಗಳ ಒಳಗೆ ಹೋಗಿದ್ದೇ ತಡ, ಎರಡೂ ಒಟ್ಟಿಗೆ ಶುರುವಾದವು. ಕಾಕು ಸ್ಟೂಲಿನ ಮೇಲಿಂದಲೇ "ನಾ ಏನೂ ಮಾಡಿಲ್ಲ!" ಅಂತ ಕೂಗಿದರು. ಆಯಿ, "ಮೈಮ್ಯಾಲ ದೇವರು ಬಂತ ನೋಡು" ಅಂತ ಕೈಮುಗಿದರು. ಕಾಕಾ ಬಾತ್‌ರೂಮಿನಿಂದ ಸೋಪಿನ ಮುಖದಲ್ಲೇ ಓಡಿಬಂದು, "ಬಾಯಾಗ ಬೂದಿ ತುರುಕಿದ್ರ ಒದರದ ಬಿಡ್ತದೇನ?" ಅಂದರು.

ಆರಿಸಿದರೂ ಮತ್ತೆ ಮತ್ತೆ ಕೂಗುತ್ತಿತ್ತು. ಕೊನೆಗೆ ಕಾಕು ಎರಡನ್ನೂ ಬಿಚ್ಚಿ ಚಪ್ಪಲಿ ಗೂಡಿನಲ್ಲಿ ಹಾಕಿದರು. ಮೂರು ದಿನ ಸೀಲಿಂಗಿನಲ್ಲಿ ಬರೀ ಸ್ಕ್ರೂ ಇದ್ದವು. ನಿನ್ನೆ ನಾನು ಕಾಕು ಪೌಡರ್ ಹಚ್ಚುವ ಹಳೆಯ ಬ್ರಷ್ ತೆಗೆದುಕೊಂಡು ಒಂದೊಂದೇ ಸೀಳು ಒರೆಸಿ ನಿಮ್ಮ ಬ್ಯಾಟರಿ ಹಾಕಿದೆ. ಈಗ ಗಲಾಟೆ ಇಲ್ಲ. ಟೆಸ್ಟ್ ದಿನಾಂಕ: 8 ಅಕ್ಟೋಬರ್.

ಮ್ಯಾನ್ಯುಯಲ್‌ನ ಹನ್ನೊಂದನೇ ಪುಟದಲ್ಲಿ ಬೇರೆಯದೇ ಇದೆ. ಅಲಾರಂ ಇದ್ದರೆ ಸಾಲದು, ಮನೆಯ ಪ್ಲಾನ್ ಬರೆದು ಪ್ರತಿ ರೂಮಿನಿಂದ ಹೊರಗೆ ಹೋಗಲು ಎರಡೆರಡು ದಾರಿ ಗುರುತಿಸಿ ಅಂತ. ಬರೆದೆ. ಇದರ ಜೊತೆ ಇಟ್ಟಿದ್ದೇನೆ. ಎರಡು ಬೆಡ್‌ರೂಮ್, ಹಾಲ್, ಅಡುಗೆಮನೆ. ಎಲ್ಲ ರೂಮಿನಿಂದಲೂ ಬಾಣದ ಗುರುತು ಹಾಲ್‌ಗೆ ಬಂದು, ಹಾಲ್‌ನಿಂದ ಬಾಗಿಲಿಗೆ ಹೋಗಿ, ಗ್ರಿಲ್ ಹತ್ತಿರ ನಿಲ್ಲುತ್ತದೆ. ಅಲ್ಲಿಂದ ಮುಂದೆ ಪೆನ್ಸಿಲ್ ಹೇಗೆ ಎಳೆಯಬೇಕೋ ಗೊತ್ತಾಗಲಿಲ್ಲ. ನೀವು ನೋಡಿ ತಿದ್ದಿ ಕಳಿಸಿ. ನಿಮಗೆ ಇಂಥದ್ದು ಗೊತ್ತಲ್ಲ.

ಮೇಘಾ

•

19-10-2011

ಮೇಘಾ,

ನಕ್ಷೆ ಅಚ್ಚುಕಟ್ಟಾಗಿದೆ. ಉತ್ತರ ದಿಕ್ಕು ಗುರುತಿಸಿಲ್ಲ, ಅಳತೆಯೂ ಇಲ್ಲ. ಹಾಲಿನ ಬಲಕ್ಕೆ ಬಾಲ್ಕನಿ ತೋರಿಸಿದ್ದೀ. ಅದನ್ನು ಎರಡನೇ ದಾರಿ ಎಂದು ಗುರುತು ಮಾಡಿಕೋ. ಬ್ರಷ್ ಮೃದುವಾಗಿದೆಯಲ್ಲ, ಅದನ್ನೇ ಬಳಸು.

ಇಲ್ಲಿ ಚಳಿ ಶುರುವಾಗಿದೆ. ದೀಪಾವಳಿಗೆ ನನಗೆ ರಜೆ ಸಿಗುವುದಿಲ್ಲ.

ಶೇಖರಪ್ಪ

•

13 ನವೆಂಬರ್ 2011

ಅಪ್ಪಾಜಿ,

ಮೂರು ಭಾನುವಾರ ಬರೆಯಲಿಲ್ಲ. ಬಾಲ್ಕನಿಗೂ ಗ್ರಿಲ್ ಇದೆ, ಮೇಲಿಂದ ಕೆಳಗಿನವರೆಗೆ, ಪಾರಿವಾಳಕ್ಕಾಗಿ. ಗ್ರಿಲ್ ಇಲ್ಲದಿದ್ದರೂ ಅದು ಏಳನೇ ಮಹಡಿ. ನೀವು ಅದನ್ನು ದಾರಿ ಅಂದಿದ್ದು ಓದಿದ ಮೇಲೆ ಏನು ಬರೆಯಬೇಕೋ ತಿಳಿಯಲಿಲ್ಲ.

ಇವತ್ತು ಬರೆಯಲೇಬೇಕು.

ನಿನ್ನೆ ಶನಿವಾರ ಕಾಕಾ ಕಾಕು ಪೀಣ್ಯದ ಕಡೆ ಒಂದು ನಾಮಕರಣಕ್ಕೆ ಹೋಗಿದ್ದರು, ಬೀಗ ಹಾಕಿಕೊಂಡು. ಮಧ್ಯಾಹ್ನ ಎರಡೂವರೆಗೆ ಕರೆಂಟ್ ಹೋಯಿತು. ಐದು ನಿಮಿಷಕ್ಕೆ ಹಾಲ್‌ನ ಅಲಾರಂ ಕೂಗಿತು. ಒಲೆ ಆರಿತ್ತು. ಲೋಬಾನ ಇರಲಿಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಬೂದು ಬಣ್ಣದ್ದು ಒಳಗೆ ಬರುತ್ತಿತ್ತು. ಬಾಗಿಲು ತೆಗೆದೆ. ಲಿಫ್ಟ್ ಪಕ್ಕದ ವೈರಿಂಗ್ ಗೂಡು ಉರಿಯುತ್ತಿತ್ತು, ಅದರೊಳಗೆ ಯಾರೋ ಹಳೆ ಪೇಪರ್ ಒಟ್ಟಿದ್ದರಂತೆ. ಎದುರು ಮನೆಯವರು ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಆಂಟಿ ನನ್ನನ್ನು ನೋಡಿ "ಬಾಮ್ಮಾ, ಬೇಗ ಬಾ!" ಅಂದರು. ನಾನು ಗ್ರಿಲ್ ಹಿಡಿದುಕೊಂಡು ನಿಂತಿದ್ದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಬಾಗಿಲು ಮುಚ್ಚಿ ಒದ್ದೆ ಟವೆಲ್ ಸಂದಿಗೆ ತುರುಕಿದೆ, ಅದು ಹನ್ನೆರಡನೇ ಪುಟದಲ್ಲಿದೆ. ಫೈರ್ ಸ್ಟೇಷನ್‌ಗೆ ಫೋನ್ ಮಾಡಿದೆ, ಕಾಕಾಗೂ ಮಾಡಿದೆ. "ಬಂದೆ, ಬಂದೆ" ಅಂದರು. ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ, ಶನಿವಾರದ ಟ್ರಾಫಿಕ್‌ನಲ್ಲಿ. ಆಯಿಯನ್ನು ಬಾಲ್ಕನಿಯಲ್ಲಿ ಕೂರಿಸಿ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿದೆ. ಕೆಳಗಿನಿಂದ ಸೆಕ್ಯುರಿಟಿ ಹನುಮೇಶಣ್ಣ ನೋಡಿದ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಹತ್ತಿ ಬಂದು, ಆ ಗೂಡಿಗೆ ಪುಡಿ ಹೊಡೆದ. ಆಮೇಲೆ ನಮ್ಮ ಬಾಗಿಲು ತಟ್ಟಿದ.

"ಮೇಡಂ, ಬೀಗ ತೆಗೀರಿ!"

"ನನ್ನ ಹತ್ರ ಕೀ ಇಲ್ಲ ಅಣ್ಣ."

"ಇಲ್ಲ ಅಂದ್ರೆ? ಒಳಗಿರೋರು ನೀವು!"

ಅವನಿಗೆ ಕೆಮ್ಮು. ಆ ಕೆಮ್ಮಿನಲ್ಲೇ ಪ್ಲಂಬರ್‌ನ ಗರಗಸ ತಂದು ಬೀಗ ಕೊಯ್ಯಲು ಕೂತ. ಅರ್ಧ ಕೊಯ್ದಿದ್ದ, ಅಷ್ಟರಲ್ಲಿ ಬೆಂಕಿ ಪೂರ್ತಿ ಆರಿದೆ ಅಂತ ಫೈರ್‌ನವರು ಬಂದು ಹೇಳಿದರು, ಅವನು ಗರಗಸ ಕೆಳಗಿಟ್ಟ. ಕಾಕಾ ಬಂದಾಗ ನಾಲ್ಕೂಕಾಲು. ಕೀಲಿಕೈ ಹಾಕಿ ತೆಗೆದರು.

ಅಷ್ಟು ಹೊತ್ತು ಆಯಿ ಮತ್ತು ನಾನು ಬಾಲ್ಕನಿಯಲ್ಲಿ ನೆಲದ ಮೇಲೆ ಕೂತಿದ್ದೆವು. ನಾನು ಅಳುತ್ತಾ, "ಆಯಿ, ನಿಮ್ಮ ಮರೆವಿಗೆ ಬೀಗ ಹಾಕಿ ಇಬ್ಬರನ್ನೂ ಸಾಯಿಸ್ತಾರೆ ಇವರು" ಅಂದೆ. ಆಯಿ ನನ್ನ ಕೈ ಹಿಡಿದುಕೊಂಡು ಹೇಳಿದರು: "ನನಗ ಕೀಲಿ ಹಾಕ್ಯಾರೇನ ಹುಚ್ಚಿ? ಬಚ್ಚಲಕ್ಕ ಹೋಗಾಕ ಗ್ವಾಡಿ ಹಿಡೀತೀನಿ ನಾ. ಏಳ ಮಜಲಿ ಇಳೀತೀನೇನು? ಕೀಲಿ ನಿನಗ. ನಿಮ್ಮಪ್ಪ ಫೋನ್ ಮಾಡಿ ಹೇಳ್ಯಾನ. ನಾ ಬ್ಯಾಡಂದೆ, ನನ್ನ ಮಾತ ಯಾರ ಕೇಳ್ತಾರ?"

ಇವತ್ತು ಬೆಳಿಗ್ಗೆ ಕಾಕಾ ಕಾಕು ಜೊತೆ ಹೊರಗೆ ಹೋಗುವಾಗ ಅದೇ ಅರ್ಧ ಕೊಯ್ದ ಬೀಗವನ್ನೇ ಹಾಕಿದರು.

ಆಯಿ ಹೇಳಿದ್ದು ಹೌದೋ, ಅಲ್ಲವೋ? ಬ್ಯಾಟರಿ ಬಗ್ಗೆ ಏನೂ ಬರೆಯಬೇಡಿ. ಅಲಾರಂ ಸರಿಯಾಗಿಯೇ ಇತ್ತು.

ಮೇಘಾ

•

18-11-2011

ಮೇಘಾ,

ಹೌದು.

ಈ ಒಂದು ಪದ ಬರೆದು ಎರಡು ದಿನ ಆಯಿತು. ಕಾಗದ ಮುಂದೆ ಸರಿಯಲಿಲ್ಲ.

ನಿನ್ನ ಕಾಕಾ ಸಂಗಮೇಶನಿಗೆ ನಾನೇ ಹೇಳಿದ್ದು. ಹುಡುಗಿ ಒಬ್ಬಳೇ ಇರುವಾಗ ಕೀಲಿ ಹಾಕಿರಿ, ಕೀಲಿಕೈ ಅವಳಿಗೆ ಕೊಡಬೇಡಿ ಎಂದು. ಆಯಿಯ ಮರೆವಿನ ನೆಪವೂ ನನ್ನದೇ. ಅವರ ಮೇಲೆ ಸಿಟ್ಟಾಗಬೇಡ.

ಧಾರವಾಡದಲ್ಲಿ ನೀನು ಪಿಯು ಮೊದಲ ವರ್ಷದಲ್ಲಿದ್ದಾಗ ಹಾಸ್ಟೆಲಿನಿಂದ ಹೋದದ್ದರ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಿಲ್ಲ. ಮಾತಾಡದಿದ್ದರೆ ನಿನಗೆ ನೋವಾಗುವುದಿಲ್ಲ ಎಂದುಕೊಂಡೆ. ಅಂದು ಸಂಜೆ ವಾರ್ಡನ್ ಫೋನ್ ಮಾಡಿ, ಹುಡುಗಿ ಮಧ್ಯಾಹ್ನದಿಂದ ಇಲ್ಲ ಎಂದಾಗ ನಾನು ಲ್ಯಾಂಪ್ ರೂಮಿನ ಕಿಟಕಿಯಲ್ಲಿ ನಿಂತು ದೀಪಗಳನ್ನು ಎಣಿಸಿಕೊಳ್ಳುತ್ತಿದ್ದೆ. ಆ ಪಾಳಿಗೆ ಇಳಿದವರು ಇನ್ನೂರ ಹನ್ನೆರಡು. ಅಷ್ಟೂ ಮಂದಿ ಮೇಲೆ ಬಂದು ದೀಪ ಒಪ್ಪಿಸಿ ಹೋದರು. ಊರ ಮಂದಿಯ ಮಕ್ಕಳನ್ನೆಲ್ಲ ಲೆಕ್ಕ ಹಿಡಿದು ಮನೆಗೆ ಕಳಿಸಿದೆ, ನನ್ನದೊಂದು ಎಲ್ಲಿದೆ ಎಂದು ಗೊತ್ತಿರಲಿಲ್ಲ. ನೀನು ಸಿಕ್ಕಿದ್ದೀ ಎಂದು ಮತ್ತೆ ಫೋನ್ ಬರುವವರೆಗೆ ಎರಡು ಗಂಟೆ. ಆ ಎರಡು ಗಂಟೆ ನನ್ನಿಂದ ಇನ್ನೊಮ್ಮೆ ಆಗುವುದಿಲ್ಲ.

ಆದರೆ ಗಣಿಯ ಕಾಯಿದೆ ನನಗೆ ಬಾಯಿಪಾಠ. ಹೊರಬರಲು ಒಂದೇ ದಾರಿ ಇರುವ ಕಡೆ ಮನುಷ್ಯರನ್ನು ಕೆಲಸಕ್ಕೆ ಇಳಿಸಬಾರದು. ನಿನ್ನ ನಕ್ಷೆಯಲ್ಲಿ ಆ ಒಂದು ದಾರಿಯೂ ಇರಲಿಲ್ಲ. ನೋಡಿದ ಕೂಡಲೇ ತಿಳಿಯಿತು. ತಿಳಿದೇ ಉತ್ತರ ದಿಕ್ಕು, ಅಳತೆ ಎಂದು ಬರೆದೆ.

ಸಂಗಮೇಶನಿಗೆ ಫೋನ್ ಮಾಡಿದ್ದೇನೆ. ಮೂರನೇ ಕೀಲಿಕೈ ಮಾಡಿಸುತ್ತಾನೆ. ನೀನು ಒಂದೇ ಒಂದು ಸಾಲು ಬರೆದು ಅವನ ಕೈಗೆ ಕೊಡು: ಯಾರಿಗೂ ಹೇಳದೆ ಮನೆ ಬಿಟ್ಟು ಹೋಗುವುದಿಲ್ಲ ಎಂದು. ಸಹಿ ಹಾಕು. ನನ್ನ ಸಮಾಧಾನಕ್ಕೆ.

ನಿನ್ನ ಅಪ್ಪ

•

27 ನವೆಂಬರ್ 2011, ಭಾನುವಾರ

ಅಪ್ಪಾಜಿ,

ನಿಮ್ಮ ಪತ್ರ ಮಂಗಳವಾರ ಸೇರಿತು. ಅದೇ ಸಂಜೆ ಕಾಕಾ ಡೈನಿಂಗ್ ಟೇಬಲ್ ಮೇಲೆ ಒಂದು ಬಿಳಿ ಹಾಳೆ, ಪೆನ್ನು, ಪಕ್ಕದಲ್ಲಿ ಹೊಸ ಕೀಲಿಕೈ ಇಟ್ಟರು. "ಬರದ್ಬಿಡವ್ವ, ನಿಮ್ಮಪ್ಪಂದೂ ಜೀವ ತಣ್ಣಗಾಗ್ತದ" ಅಂದರು. ನಾನು ಪೆನ್ನು ಮುಟ್ಟಲಿಲ್ಲ. ಕಾಕಾ ಕೀಲಿಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಬುಧವಾರ ಕಾಲೇಜಿನಿಂದ ಬಂದವಳು ಒಳಗೆ ಹೋಗಲಿಲ್ಲ. ಗ್ರಿಲ್‌ನ ಹೊರಗೆ, ಮೆಟ್ಟಿಲ ಮೇಲೆ ಕೂತೆ. ಗೋಡೆಗೆ ಇನ್ನೂ ಮಸಿ ಇದೆ. ಒಳಗೆ ಬಂದರೆ ಬೀಗ ಬೀಳುತ್ತದೆ, ಅದಕ್ಕೆ ಬರುವುದಿಲ್ಲ ಅಂದೆ. ನನಗೆ ಹೆದರಿಕೆ ಇರಲಿಲ್ಲ ಅಂದುಕೊಳ್ಳಬೇಡಿ. ಮ್ಯಾಥ್ಸ್ ಪುಸ್ತಕವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

"ಮಂದಿ ನೋಡ್ತಾರ, ಒಳಗ ಬಾ" ಅಂದರು ಕಾಕು.

"ನೋಡಲಿ ಬಿಡಿ."

"ನನ್ನ ಮರ್ಯಾದಿ ಏನಾತು?"

"ಕೀಲಿಕೈ ಕೊಡಿ ಕಾಕು, ಈಗಲೇ ಎದ್ದು ಬರ್ತೀನಿ."

ಆ ದಿನ ಅವರು ಅಕ್ಕನ ಬಳಗಕ್ಕೆ ಹೋಗಲಿಲ್ಲ. ಗುರುವಾರವೂ ಹೋಗಲಿಲ್ಲ. ರಾತ್ರಿ ಕಾಕಾ ಬಂದ ಮೇಲೆ ಮಾತ್ರ ನಾನು ಮಲಗಲು ಒಳಗೆ ಹೋಗುತ್ತಿದ್ದೆ. ಆಯಿ ಕುರ್ಚಿ ಎಳೆಸಿಕೊಂಡು ಬಂದು ಗ್ರಿಲ್‌ನ ಒಳಗಡೆ ಕೂತರು, ಸಂದಿಯಿಂದ ಅವಲಕ್ಕಿ ಕೊಟ್ಟರು. ಶುಕ್ರವಾರ ಎದುರು ಮನೆ ಆಂಟಿ ಮೂರು ಸಲ ಬಾಗಿಲು ತೆಗೆದು ಮೂರು ಸಲವೂ "ಏನೂ ಇಲ್ಲ, ಹಾಲಿನವನು ಬಂದನಾ ಅಂತ ನೋಡಿದೆ" ಅಂದರು. ಹನುಮೇಶಣ್ಣ ರೌಂಡ್ಸಿಗೆ ಬಂದವನು ನನ್ನನ್ನು ನೋಡಿ, ಬೀಗವನ್ನು ನೋಡಿ, "ಗರಗಸ ಬೇಕಾದ್ರೆ ಹೇಳಿ ಮೇಡಂ" ಅಂದ. ಆಯಿ ಜೋರಾಗಿ ನಕ್ಕರು. ಕಾಕು ನಗಲಿಲ್ಲ, ಒಳಗೆ ಹೋದರು.

ನಿನ್ನೆ ಅಕ್ಕನ ಬಳಗದ ವಾರ್ಷಿಕೋತ್ಸವ. ಕಾಕು ಸೀರೆ ಉಟ್ಟು ನಿಂತಿದ್ದರು, ಅವರು ಹಾಡಲೇಬೇಕಿತ್ತು. ಬಾಗಿಲಲ್ಲಿ ಒಂದು ನಿಮಿಷ ನಿಂತು, ಒಳಗೆ ತಿರುಗಿ ಹೋಗಿ, ಕಾಕಾನ ಜೇಬಿನಿಂದ ಹೊಸ ಕೀಲಿಕೈ ತಂದರು. ನನ್ನ ಕಡೆ ನೋಡಲಿಲ್ಲ. ಆಯಿಯ ಕೈಯಲ್ಲಿಟ್ಟು, "ನಾ ಇದನ್ನ ನಿಮ್ಮ ಕೈಯಾಗ ಕೊಟ್ಟೀನ್ರಿ ಅತ್ತಿ. ಆಕೀಗೆ ಕೊಟ್ಟಿಲ್ಲ. ಭಾವನವರು ಕೇಳಿದ್ರ ಹಿಂಗ ಹೇಳ್ರಿ" ಅಂದರು. ಆಯಿ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಕಾಕು ಲಿಫ್ಟ್ ಹತ್ತಿ ಹೋದ ಮೇಲೆ, "ಬಾರವ್ವ ಒಳಗ, ಇನ್ನ ನಾನು ನಿನ್ನ ವಾರ್ಡನ್ನು" ಅಂದರು.

ನೀವು ಕೇಳಿದರೆ ಹಾಗೇ ಹೇಳುತ್ತೇವೆ. ಕೀಲಿಕೈ ಆಯಿಯ ಹತ್ತಿರ ಇದೆ.

ಆದರೆ ಆ ಸಾಲು ನಾನು ಬರೆದುಕೊಡುವುದಿಲ್ಲ. ಸಹಿ ಹಾಕಿದರೆ ಆ ದಿನ ನಾನು ಓಡಿಹೋಗಿದ್ದೆ ಅಂತ ನಾನೇ ಒಪ್ಪಿಕೊಂಡ ಹಾಗೆ. ಎರಡು ವರ್ಷವಾದ ಮೇಲೆ ನೀವು ಮೊದಲ ಸಲ ಅದರ ಮಾತೆತ್ತಿದ್ದೀರಿ. ಆದರೂ ಏನಾಯಿತು ಅಂತ ಕೇಳಿಲ್ಲ. ನಾನೇ ಹೇಳುತ್ತೇನೆ. ಅಂದು ಅವ್ವನ ಪುಣ್ಯತಿಥಿ. ಹಾಸ್ಟೆಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹೇಳಲು ಬಾಯಿ ಬರಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಕೂತೆ. ನಿಮ್ಮ ಕಡೆ ಬರುವ ಲಿಂಗಸುಗೂರಿನ ಬಸ್ಸು ಎರಡು ಹೋದವು. ಎರಡರ ಬೋರ್ಡನ್ನೂ ಓದಿದೆ, ಹತ್ತಲಿಲ್ಲ. ನೀವು ಪಾಳಿಯಲ್ಲಿರುತ್ತೀರಿ, ಮನೆಗೆ ಬೀಗ ಇರುತ್ತದೆ ಅಂದುಕೊಂಡೆ. ಆಮೇಲೆ ಎದ್ದು ನಡೆದೆ. ವಾರ್ಡನ್ ಆಟೋ ನಿಲ್ಲಿಸಿ ನನ್ನ ರಟ್ಟೆ ಹಿಡಿದಾಗ ಹಾಸ್ಟೆಲ್ ಗೇಟಿಗೆ ಇನ್ನು ಎರಡೇ ತಿರುವು ಉಳಿದಿತ್ತು.

ನಾನು ವಾಪಸ್ ಬರುತ್ತಿದ್ದೆ ಅಪ್ಪಾಜಿ.

ಮೇಘಾ